ಬೀರುವಿನ ಪುಸ್ತಕಕ್ಕೆ ಬೆಲೆ ಕಟ್ಟುವುದು ಹೇಗೆ?

ಓದುಗರ ಪ್ರಶ್ನೆ, ಬಲ್ಲವರ ಉತ್ತರ. ಈ ಸಂಚಿಕೆಗೆ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಪುಸ್ತಕಗಳ ಬಗ್ಗೆಯೇ ಇವೆ. ಮುದ್ರಣ, ಪ್ರಕಾಶನ ಮತ್ತು ಗ್ರಂಥಾಲಯ ಕ್ಷೇತ್ರಗಳಲ್ಲಿ ಕೆಲಸ ಮಾಡುವವರು ಉತ್ತರಿಸಿದ್ದಾರೆ.

ಅಜ್ಜ ಬಿಟ್ಟುಹೋದ ಸುಮಾರು 400 ಕನ್ನಡ ಪುಸ್ತಕಗಳು ಎರಡು ಮರದ ಬೀರುಗಳಲ್ಲಿವೆ. ಕಾಗದ ಕಂದಿದೆ, ಕೆಲವಕ್ಕೆ ಹುಳ ಬಿದ್ದಿದೆ. "ಎಲ್ಲಾ ಮೊಬೈಲಿನಲ್ಲೇ ಸಿಗುತ್ತೆ, ರದ್ದಿಗೆ ಹಾಕು" ಎನ್ನುತ್ತಾರೆ ಮನೆಯಲ್ಲಿ. ಇವಕ್ಕೆ ಏನಾದರೂ ಬೆಲೆ ಇದೆಯೇ?
— ಸಾಗರದ ಓದುಗರು

ರದ್ದಿಯವರನ್ನು ಈಗಲೇ ಕರೆಯಬೇಡಿ. ಮೊದಲು ಪಟ್ಟಿ ಮಾಡಿ: ಶೀರ್ಷಿಕೆ, ಲೇಖಕರು, ಪ್ರಕಾಶಕರು, ಎಷ್ಟನೇ ಮುದ್ರಣ, ಯಾವ ಇಸವಿ, ಮೂಲ ಹೊದಿಕೆ ಇದೆಯೇ. ಇಷ್ಟು ಸಾಕು. ಒಬ್ಬರು ಓದಿ ಹೇಳಿ ಇನ್ನೊಬ್ಬರು ಬರೆದುಕೊಂಡರೆ ಎರಡು ಭಾನುವಾರದಲ್ಲಿ ಮುಗಿಯುವ ಕೆಲಸ.

ಹಣದ ಮಾತಿಗೆ ಬಂದರೆ, ದಪ್ಪ ರಟ್ಟಿನ ಪುಸ್ತಕಕ್ಕೆ ಹೆಚ್ಚು ಬೆಲೆ ಎಂಬುದು ತಪ್ಪು ಲೆಕ್ಕ. ಮತ್ತೆ ಮತ್ತೆ ಅಚ್ಚಾದ ಕಾದಂಬರಿಯ ಐದನೇ ಮುದ್ರಣಕ್ಕೆ ಹಳೆ ಪುಸ್ತಕದ ಅಂಗಡಿಯಲ್ಲಿ ಹೆಚ್ಚೇನೂ ಹುಟ್ಟುವುದಿಲ್ಲ. ಬೆಲೆ ಇರುವುದು ಹೊದಿಕೆ ಸಮೇತ ಉಳಿದ ಮೊದಲ ಮುದ್ರಣಕ್ಕೆ, ಲೇಖಕರ ಸಹಿ ಇರುವ ಪ್ರತಿಗೆ ಮತ್ತು 19ನೇ ಶತಮಾನದ ಅಚ್ಚುಕೂಟಗಳಿಂದ ಬಂದ ಪುಸ್ತಕಕ್ಕೆ. 1894ರಲ್ಲಿ ಕಿಟೆಲ್ ನಿಘಂಟನ್ನು ಅಚ್ಚು ಹಾಕಿದ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದ ಹೆಸರು ಯಾವುದರ ಮೇಲಾದರೂ ಕಂಡರೆ ಅದನ್ನು ಬೇರೆ ತೆಗೆದಿಡಿ.

ಇವಕ್ಕಿಂತಲೂ ಅಪರೂಪದವು ಬೀರುವಿನ ಸಂದಿಯಲ್ಲಿ ಸಿಕ್ಕಿಕೊಂಡಿರುವ ತೆಳ್ಳನೆಯ ಪುಸ್ತಿಕೆಗಳು: ನಾಟಕ ಕಂಪನಿಯ ಹಾಡುಗಳು, ಯಕ್ಷಗಾನ ಪ್ರಸಂಗ, ಸಹಕಾರ ಸಂಘದ ವಾರ್ಷಿಕ ವರದಿ, ಹಳೆ ಪಂಚಾಂಗ. ಇವನ್ನು ಯಾರೂ ಜೋಪಾನ ಮಾಡಲಿಲ್ಲ, ಆದ್ದರಿಂದಲೇ ಉಳಿದಿರುವುದು ಕಡಿಮೆ. ಮಾರಿದರೆ ನೂರು ರೂಪಾಯಿಯೂ ಬಾರದ ಎಂಟು ಪುಟದ ಪುಸ್ತಿಕೆ ಊರಿನ ಚರಿತ್ರೆ ಬರೆಯುವವರಿಗೆ ಏಕೈಕ ಆಧಾರವಾಗಿರಬಹುದು. 'ಜಯಕರ್ನಾಟಕ', 'ಪ್ರಬುದ್ಧ ಕರ್ಣಾಟಕ', 'ಜೀವನ'ದಂಥ ಪತ್ರಿಕೆಗಳ ಸಂಪುಟ ಪೂರ್ತಿ ಇದ್ದರೆ ಬಿಡಿಸಿ ಕೊಡಬೇಡಿ. ಒಂದು ಸಂಚಿಕೆ ತಪ್ಪಿದರೂ ಸಂಶೋಧಕರಿಗೆ ಅದರ ಉಪಯೋಗ ತಗ್ಗುತ್ತದೆ.

"ಮೊಬೈಲಿನಲ್ಲಿ ಸಿಗುತ್ತೆ" ಎಂಬುದನ್ನು ಪರೀಕ್ಷಿಸಿ ನೋಡಿ. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಯೋಜನೆಯಲ್ಲಿ ಸ್ಕ್ಯಾನ್ ಆದ ಸಾವಿರಾರು ಕನ್ನಡ ಪುಸ್ತಕಗಳು ಇಂಟರ್‌ನೆಟ್ ಆರ್ಕೈವ್‌ನಲ್ಲಿವೆ. ಆದರೆ ಅನೇಕವುಗಳ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ತೋಚಿದಂತೆ ಬರೆದಿದ್ದಾರೆ. ಕನ್ನಡದಲ್ಲಿ ಹುಡುಕಿ ಸಿಗದಿದ್ದರೆ ಇಂಗ್ಲಿಷ್ ಅಕ್ಷರಗಳಲ್ಲಿ ಮೂರು–ನಾಲ್ಕು ರೀತಿ ಬರೆದು ಹುಡುಕಿ. ಸಿಕ್ಕರೆ ಅಷ್ಟಕ್ಕೇ ನಿಲ್ಲಬೇಡಿ. ಇಸವಿ ಒಂದೇ ಇದೆಯೇ, ಪುಟ ಬಿಟ್ಟುಹೋಗಿದೆಯೇ, ಅಂಚಿನ ಸಾಲು ಕತ್ತರಿಸಿದೆಯೇ ಎಂದು ನೋಡಿ. ಬೇರೆ ಮುದ್ರಣದಲ್ಲಿ ಮುನ್ನುಡಿಯೇ ಬೇರೆ ಇರುವುದುಂಟು.

ಅಲ್ಲಿ ಇಲ್ಲದ್ದನ್ನು ನೀವೇ ಸ್ಕ್ಯಾನ್ ಮಾಡಬಹುದು. ಹಳೆ ಪುಸ್ತಕವನ್ನು ಫ್ಲಾಟ್‌ಬೆಡ್ ಸ್ಕ್ಯಾನರ್ ಮೇಲೆ ಕವುಚಿ ಒತ್ತಿದರೆ ಬೆನ್ನು ಮುರಿಯುತ್ತದೆ. ಪುಸ್ತಕವನ್ನು ಮೇಲ್ಮುಖವಾಗಿ 100–110 ಡಿಗ್ರಿಯಷ್ಟೇ ತೆರೆದು, ಎರಡೂ ರಟ್ಟಿನ ಕೆಳಗೆ ಮಡಿಸಿದ ಬಟ್ಟೆ ಇಟ್ಟು, ಸ್ಟ್ಯಾಂಡಿಗೆ ಹಾಕಿದ ಮೊಬೈಲಿನಿಂದ ಒಂದು ಸಲಕ್ಕೆ ಒಂದೇ ಪುಟದ ಚಿತ್ರ ತೆಗೆಯಿರಿ. ಫ್ಲ್ಯಾಶ್ ಬೇಡ, ಕಿಟಕಿಯ ಓರೆ ಬೆಳಕು ಸಾಕು. ಪುಟದ ಹಿಂದೆ ಕಪ್ಪು ಕಾಗದ ಇಟ್ಟರೆ ಹಿಂಬದಿಯ ಅಕ್ಷರ ಮೂಡುವುದಿಲ್ಲ. ಕನ್ನಡ ಪುಸ್ತಕಗಳ ಸಾಮಾನ್ಯ ಅಳತೆಯಾದ ಡೆಮಿ 1/8ರಲ್ಲಿ ಪುಟ 5.5×8.5 ಅಂಗುಲ, ಅಂಗುಲಕ್ಕೆ 300 ಚುಕ್ಕಿಯಂತೆ 1650×2550 ಪಿಕ್ಸೆಲ್ ಬೇಕು. 12 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ ಇದು ಧಾರಾಳವಾಗಿ ಸಿಗುತ್ತದೆ. ತೆಗೆದ ಚಿತ್ರಗಳನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿ ಉಳಿಸಿಕೊಂಡರೆ ಕೆಲಸ ಕೆಟ್ಟಂತೆ. ಅದು ಚಿತ್ರವನ್ನು ಕುಗ್ಗಿಸುತ್ತದೆ, ಆಮೇಲೆ ಚಿತ್ರದ ಅಕ್ಷರವನ್ನು ಪಠ್ಯವಾಗಿಸುವ ಓಸಿಆರ್‌ಗೆ ಒತ್ತಕ್ಷರ ಗುರುತು ಸಿಗುವುದಿಲ್ಲ. ಮೂಲ ಫೈಲನ್ನೇ ಎರಡು ಬೇರೆ ಕಡೆ ಇಡಿ.

ಹುಳ ಬಿದ್ದವನ್ನು ಉಳಿದವುಗಳಿಂದ ಇವತ್ತೇ ದೂರ ಮಾಡಿ. ಪಾಲಿಥಿನ್ ಚೀಲದಲ್ಲಿ ಗಾಳಿ ಒತ್ತಿ ತೆಗೆದು ಬಿಗಿಯಾಗಿ ಕಟ್ಟಿ, ಡೀಪ್ ಫ್ರೀಜರ್‌ನಲ್ಲಿ ಮೈನಸ್ 18 ಡಿಗ್ರಿಯಲ್ಲಿ ಎರಡು ವಾರ ಇಡಿ. ಹೊರತೆಗೆದ ಮೇಲೆ 24 ಗಂಟೆ ಚೀಲ ಬಿಚ್ಚಬಾರದು. ಬಿಚ್ಚಿದರೆ ನೀರಿನ ಪಸೆ ಚೀಲದ ಹೊರಗೆ ಕೂರುವ ಬದಲು ಕಾಗದದ ಮೇಲೆ ಕೂರುತ್ತದೆ. ನುಸಿಗುಳಿಗೆಯನ್ನು ನಂಬಬೇಡಿ. ಅದರ ವಾಸನೆ ನಿಮಗೂ ಒಳ್ಳೆಯದಲ್ಲ. ಮಲೆನಾಡಿನ ಮಳೆಗಾಲಕ್ಕೆ ಬೀರುವನ್ನು ಹೊರಗೋಡೆಯಿಂದ ನಾಲ್ಕು ಅಂಗುಲ ಈಚೆ, ನೆಲದಿಂದ ಅರ್ಧ ಅಡಿ ಮೇಲೆ ಇಡಿ. ತೇವಾಂಶ 60% ದಾಟಿದರೆ ಬೂಷ್ಟು ಶುರುವಾಗುತ್ತದೆ. ಬೂಷ್ಟು ಹಿಡಿದದ್ದನ್ನು ಬಿಸಿಲಿಗೆ ಹಾಕಬೇಡಿ, ನೆರಳಲ್ಲಿ ಫ್ಯಾನ್ ಗಾಳಿಗೆ ಒಣಗಿಸಿ, ಮೂಗಿಗೆ ಮಾಸ್ಕ್ ಹಾಕಿಕೊಂಡು ಮನೆಯ ಹೊರಗೆ ಮೆತ್ತನೆ ಬ್ರಷ್‌ನಿಂದ ಉದುರಿಸಿ.

ಹರಿದ ಪುಟಕ್ಕೆ ಸೆಲ್ಲೋಟೇಪ್ ಹಚ್ಚಲೇಬೇಡಿ. ಕೆಲವೇ ವರ್ಷದಲ್ಲಿ ಅಂಟು ಹಳದಿಯಾಗಿ ಕಾಗದದೊಳಗೆ ಇಳಿಯುತ್ತದೆ, ಮತ್ತೆ ತೆಗೆಯಲಾಗುವುದಿಲ್ಲ. ಹೊಸ ಬೈಂಡಿಂಗ್ ಮಾಡಿಸುವ ಆತುರವೂ ಬೇಡ. ಬೈಂಡರ್ ಮೂರು ಬದಿ ಸಮನಾಗಿ ಕತ್ತರಿಸುವಾಗ ಅಂಚಿನಲ್ಲಿ ಅಜ್ಜ ಬರೆದ ಟಿಪ್ಪಣಿ ಹೋಗುತ್ತದೆ, ಮೂಲ ಹೊದಿಕೆ ಕಸದ ಬುಟ್ಟಿ ಸೇರುತ್ತದೆ.

ತಾಯಿಯವರ ಕಾದಂಬರಿ 1988ರಲ್ಲಿ ಪ್ರಕಟವಾಗಿತ್ತು. ಅವರು 1999ರಲ್ಲಿ ತೀರಿಕೊಂಡರು. ಪ್ರಕಾಶನ ಸಂಸ್ಥೆ ಮುಚ್ಚಿದೆ. ಇ–ಪುಸ್ತಕವಾಗಿ ತರಲು ನನಗೆ ಹಕ್ಕಿದೆಯೇ?
— ಹುಬ್ಬಳ್ಳಿಯ ಓದುಗರು

ಕೃತಿಸ್ವಾಮ್ಯ (ಕಾಪಿರೈಟ್) ಲೇಖಕರ ಜೀವಿತಾವಧಿ ಮತ್ತು ಆಮೇಲೆ 60 ವರ್ಷ ಇರುತ್ತದೆ. ಈ 60 ವರ್ಷವನ್ನು ಎಣಿಸುವುದು ನಿಧನದ ಮುಂದಿನ ಜನವರಿ 1ರಿಂದ. ನಿಮ್ಮ ತಾಯಿಯವರ ಕೃತಿಗೆ 2059ರ ಡಿಸೆಂಬರ್ 31ರವರೆಗೆ ರಕ್ಷಣೆ ಇದೆ. 1963ರಲ್ಲಿ ತೀರಿಕೊಂಡ ತ್ರಿವೇಣಿಯವರ ಕೃತಿಗಳು ಇದೇ ಲೆಕ್ಕದಲ್ಲಿ 2024ರ ಜನವರಿ 1ರಿಂದ ಸಾರ್ವಜನಿಕ ಸ್ವತ್ತಾದವು. 1975ರಲ್ಲಿ ತೀರಿಕೊಂಡ ಡಿವಿಜಿಯವರವು 2036ರಲ್ಲಿ ಆಗುತ್ತವೆ.

ಹಕ್ಕು ಯಾರದೆಂದು ತಿಳಿಯಲು ಶೀರ್ಷಿಕೆಯ ಹಿಂಬದಿಯ ಪುಟ ನೋಡಿ. "ಹಕ್ಕುಗಳು: ಲೇಖಕರದು" ಎಂದಿದ್ದರೆ ಅದು ನಿಮ್ಮ ಪರವಾದ ಒಳ್ಳೆಯ ಸಾಕ್ಷಿ. "ಪ್ರಕಾಶಕರದು" ಎಂದಿದ್ದರೂ ಕೈಬಿಡಬೇಡಿ. ಹಕ್ಕಿನ ವರ್ಗಾವಣೆಗೆ ಲೇಖಕರ ಸಹಿ ಇರುವ ಲಿಖಿತ ಪತ್ರ ಬೇಕು, ಬರೀ ಅಚ್ಚಾದ ಸಾಲು ಸಾಲದು. ಇಲ್ಲಿ ಬಹಳ ಜನ ಎಡವುವ ಒಂದು ಅಂಶವಿದೆ. ಅವಧಿ ಬರೆಯದ ಒಪ್ಪಂದ ಐದು ವರ್ಷಕ್ಕೆ ಮುಗಿಯುತ್ತದೆ ಎಂಬ ನಿಯಮ 1994ರ ತಿದ್ದುಪಡಿಯಿಂದ ಬಂದದ್ದು. ಅದಕ್ಕೂ ಹಿಂದಿನ ಒಪ್ಪಂದಗಳಿಗೆ ಅನ್ವಯಿಸುವುದಿಲ್ಲ ಎಂದು ಕಾಯ್ದೆಯೇ ಹೇಳುತ್ತದೆ. 1988ರ ಪತ್ರಕ್ಕೆ ಆ ನಿಯಮ ಹಿಡಿದು ವಾದಿಸಲಾಗದು. ಒಪ್ಪಂದ ಮಾಡುವಾಗ ಬಳಕೆಯಲ್ಲೇ ಇಲ್ಲದ ಮಾಧ್ಯಮಕ್ಕೆ, ಅದರ ಹೆಸರು ಹೇಳದೆ ಹಕ್ಕು ಹೋಗುವುದಿಲ್ಲ ಎಂಬ ಅಂಶ 2012ರ ತಿದ್ದುಪಡಿಯಲ್ಲಿದೆ. ಪತ್ರದಲ್ಲಿ ಬರೀ "ಮುದ್ರಣದ ಹಕ್ಕು" ಎಂದಿದ್ದರೆ ನಿಮ್ಮ ದಾರಿ ಸುಗಮ. "ಸಕಲ ಹಕ್ಕುಗಳು" ಎಂದಿದ್ದರೆ ವಕೀಲರಿಗೆ ತೋರಿಸಿಯೇ ಮುಂದುವರಿಯಿರಿ.

ಒಡಹುಟ್ಟಿದವರಿದ್ದರೆ ಎಲ್ಲ ವಾರಸುದಾರರ ಸಹಿ ಇರುವ ಒಪ್ಪಿಗೆ ಪತ್ರ ಮಾಡಿಸಿ. ಮುಖಪುಟದ ಚಿತ್ರ ಕಲಾವಿದರದು, ಮುನ್ನುಡಿ ಅದನ್ನು ಬರೆದವರದು. ಕಾದಂಬರಿಯ ಹಕ್ಕು ನಿಮ್ಮದಾದ ಮಾತ್ರಕ್ಕೆ ಅವೆರಡೂ ನಿಮ್ಮದಾಗವು. ಅನುಮತಿ ಸಿಗದಿದ್ದರೆ ಹೊಸ ಮುಖಪುಟ ಮಾಡಿಸಿ, ಮುನ್ನುಡಿ ಬಿಟ್ಟು ತನ್ನಿ.

160 ಪುಟದ ಕಥಾಸಂಕಲನವನ್ನು ನಾನೇ ಪ್ರಕಟಿಸಬೇಕೆಂದಿದ್ದೇನೆ. ಮುದ್ರಕರು 1000 ಪ್ರತಿಗೆ ತಲಾ ₹68, 500ಕ್ಕೆ ತಲಾ ₹88, ಡಿಜಿಟಲ್ ಮುದ್ರಣದಲ್ಲಿ 100 ಪ್ರತಿಗೆ ತಲಾ ₹125 ಎಂದಿದ್ದಾರೆ. ಮುಖಬೆಲೆ ₹180. ಸಾವಿರ ಹಾಕಿಸುವುದೇ ಲಾಭವಲ್ಲವೇ?
— ತುಮಕೂರಿನ ಓದುಗರು

ತಲಾ ದರ ಕಡಿಮೆ ಇದ್ದಷ್ಟಕ್ಕೇ ಲಾಭ ಬರುವುದಿಲ್ಲ, ಮಾರಾಟವಾದರೆ ಮಾತ್ರ ಬರುತ್ತದೆ. ನೀವು ಕೊಟ್ಟ ಅಂಕಿಗಳಲ್ಲೇ ಲೆಕ್ಕ ಹಾಕೋಣ. ಅಂಗಡಿಗೆ 40% ಕಮಿಷನ್ ಬಿಟ್ಟರೆ ಕೈಗೆ ಬರುವುದು ₹108. ಕಟ್ಟು, ಸಾಗಣೆಗೆ ₹8 ಹಿಡಿದರೆ ₹100 ಉಳಿಯುತ್ತದೆ. 1000 ಪ್ರತಿಗೆ ಹಾಕಿದ ₹68,000 ಮರಳಬೇಕಾದರೆ ಅಂಗಡಿಗಳಲ್ಲಿ 680 ಪ್ರತಿ ಹೋಗಬೇಕು. 500 ಹಾಕಿಸಿದರೆ ₹44,000ಕ್ಕೆ 440 ಪ್ರತಿ. ಡಿಜಿಟಲ್‌ನ 100 ಪ್ರತಿಯನ್ನು ಅಂಗಡಿಗೆ ಕೊಡಲೇಬಾರದು, ಪ್ರತಿಯೊಂದರ ಮೇಲೂ ₹25 ನಷ್ಟ.

ಈಗ ನೇರ ಮಾರಾಟ ನೋಡಿ. 10% ರಿಯಾಯಿತಿಯಲ್ಲಿ ₹162ಕ್ಕೆ (ಅಂಚೆ ವೆಚ್ಚ ಕೊಳ್ಳುವವರದು) 250 ಪ್ರತಿ ಹೋದರೆ ₹40,500 ಬರುತ್ತದೆ. ಇನ್ನು ಅಂಗಡಿಯಲ್ಲಿ 35 ಪ್ರತಿ ಹೋದರೆ 500 ಪ್ರತಿಯ ಅಸಲು ಪೂರ್ತಿ ಬಂತು. ಆದ್ದರಿಂದ ಮುದ್ರಣಕ್ಕೆ ಕೊಡುವ ಮೊದಲೇ ಹೆಸರು ಬರೆದುಕೊಳ್ಳಿ. ಮುಂಗಡ ಹಣ ಕೊಟ್ಟವರು 200 ದಾಟಿದರೆ 500 ಹಾಕಿಸಿ. 60–70ರಲ್ಲೇ ನಿಂತರೆ ಡಿಜಿಟಲ್‌ನಲ್ಲಿ 100 ಹಾಕಿಸಿ, ಎಲ್ಲವನ್ನೂ ನೇರವಾಗಿಯೇ ಕೊಡಿ. ಇದೇನೂ ಹೊಸ ಉಪಾಯವಲ್ಲ. 1933ರಲ್ಲಿ ಧಾರವಾಡದಲ್ಲಿ ಶುರುವಾದ ಮನೋಹರ ಗ್ರಂಥಮಾಲೆ ಚಂದಾದಾರರನ್ನು ನಂಬಿಯೇ ಬೆಳೆಯಿತು. ಈಗ ಯುಪಿಐ ಇರುವುದರಿಂದ ಮುಂಗಡ ಪಡೆಯುವುದು ಇನ್ನೂ ಸುಲಭ. ಗ್ರಂಥಾಲಯ ಇಲಾಖೆಯ ಸಗಟು ಖರೀದಿಯನ್ನು ಈ ಲೆಕ್ಕದಲ್ಲಿ ಸೇರಿಸಬೇಡಿ. ಆಯ್ಕೆ ಖಚಿತವಲ್ಲ, ದರ ನಿಗದಿಯಾಗುವುದು ನಿಮ್ಮ ಮುಖಬೆಲೆಯ ಮೇಲಲ್ಲ, ಪುಟದ ಮೇಲೆ.

ಮುದ್ರಣದ ಕೆಲವು ಸೂಕ್ಷ್ಮಗಳು. ಡೆಮಿ 1/8ರಲ್ಲಿ 16 ಪುಟಕ್ಕೆ ಒಂದು ಫಾರಂ. 18×23 ಅಂಗುಲದ ಒಂದು ಹಾಳೆ. ನಿಮ್ಮ ಪುಸ್ತಕ ಸರಿಯಾಗಿ 10 ಫಾರಂ. 500 ಪ್ರತಿಗೆ 5000 ಹಾಳೆ, ಅಂದರೆ 10 ರೀಮು, ಮೇಲೆ ಹಾಳಾಗುವುದಕ್ಕೆ ಒಂದಿಷ್ಟು. ಕೊನೆಗಳಿಗೆಯಲ್ಲಿ ಒಂದು ಹಿನ್ನುಡಿ ಸೇರಿಸಿ 163 ಪುಟವಾದರೆ ಬಿಡಿ ಹಾಳೆಗೆ ಬೇರೆ ಪ್ಲೇಟು, ಬೇರೆ ಮಡಿಕೆ, ಬೇರೆ ಕೂಲಿ. ಒಂದೋ 160ರೊಳಗೆ ತನ್ನಿ, ಇಲ್ಲವೇ 168ಕ್ಕೆ ಒಯ್ಯಿರಿ.

70 ಜಿಎಸ್ಎಂ (ಚದರ ಮೀಟರಿಗೆ 70 ಗ್ರಾಂ ತೂಗುವ) ಮ್ಯಾಪ್‌ಲಿಥೋ ಕಾಗದದಲ್ಲಿ 80 ಎಲೆಗೆ ಬೆನ್ನಿನ ದಪ್ಪ ಸುಮಾರು 8 ಮಿಲಿಮೀಟರ್. ಕಾಗದ ಗೊತ್ತಾಗುವ ಮೊದಲೇ ಮುಖಪುಟ ವಿನ್ಯಾಸ ಮುಗಿಸಿದರೆ ಬೆನ್ನಿನ ಹೆಸರು ಮುಖಪುಟಕ್ಕೆ ಜಾರುತ್ತದೆ. ಕಾಗದದ ನಾರು ಬೆನ್ನಿಗೆ ಸಮಾನಾಂತರವಾಗಿ ಇರುವಂತೆ ಮುದ್ರಕರಿಗೆ ಹೇಳಿ. ಅಡ್ಡವಾದರೆ ಮಳೆಗಾಲದಲ್ಲಿ ಪುಟ ಅಲೆಯಲೆಯಾಗಿ ಏಳುತ್ತದೆ, ಹೊಲಿಗೆಯಿಲ್ಲದೆ ಅಂಟಿನಿಂದಲೇ ಹಿಡಿಸುವ ಪರ್ಫೆಕ್ಟ್ ಬೈಂಡಿಂಗಿನ ಅಂಟು ಬಿಡುತ್ತದೆ. ಕೆಲಸ ಮುಗಿದ ದಿನವೇ ಪುಟವಿನ್ಯಾಸದ ಮೂಲ ಫೈಲು, ಫಾಂಟ್ ಸೇರಿಸಿದ ಪಿಡಿಎಫ್, ಮುಖಪುಟದ ಪದರಗಳಿರುವ ಫೈಲು ಮೂರನ್ನೂ ಕೇಳಿ ಪಡೆಯಿರಿ. ಮರುಮುದ್ರಣದ ಹೊತ್ತಿಗೆ ಫೈಲು ಸಿಗದೆ 160 ಪುಟವನ್ನು ಮತ್ತೆ ಬೆರಳಚ್ಚು ಮಾಡಿಸಿದವರು ಬಹಳ.

ಪುಸ್ತಕವನ್ನು ಗುರುತಿಸುವ ಸಂಖ್ಯೆಯಾದ ಐಎಸ್‌ಬಿಎನ್ ಉಚಿತ. ದೆಹಲಿಯ ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಏಜೆನ್ಸಿಯ ಜಾಲತಾಣದಲ್ಲಿ ನೀವೇ ಅರ್ಜಿ ಹಾಕಬಹುದು, ದಲ್ಲಾಳಿಗೆ ಹಣ ಕೊಡಬೇಡಿ. ಮುದ್ರಿತ ಪ್ರತಿಗೊಂದು, ಇ–ಪುಸ್ತಕಕ್ಕೊಂದು ಬೇರೆ ಸಂಖ್ಯೆ ಬೇಕು. 1954ರ ಪುಸ್ತಕ ಸಲ್ಲಿಕೆ ಕಾಯ್ದೆಯಂತೆ ಪ್ರಕಟವಾದ 30 ದಿನದೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೆ ಒಂದು ಪ್ರತಿಯನ್ನೂ ಗೊತ್ತುಪಡಿಸಿದ ಇತರ ಮೂರು ಗ್ರಂಥಾಲಯಗಳಿಗೆ ಒಂದೊಂದು ಪ್ರತಿಯನ್ನೂ ಕಳಿಸಬೇಕು. ಈ ನಾಲ್ಕು ಪ್ರತಿ ದಂಡ ಎಂದುಕೊಳ್ಳಬೇಡಿ. ಎಲ್ಲ ಪ್ರತಿ ಮುಗಿದ ಮೇಲೂ ನಿಮ್ಮ ಪುಸ್ತಕ ಅಲ್ಲಿ ಇರುತ್ತದೆ.

ಹತ್ತು ವರ್ಷದ ಹಿಂದೆ 'ನುಡಿ' ತಂತ್ರಾಂಶದಲ್ಲಿ ಬೆರಳಚ್ಚು ಮಾಡಿ ಪೇಜ್‌ಮೇಕರ್‌ನಲ್ಲಿ ಪುಟ ಕಟ್ಟಿದ ಪುಸ್ತಕಗಳಿವೆ. ಆ ಪಿಡಿಎಫ್ಅನ್ನೇ ಇ–ಪುಸ್ತಕವೆಂದು ಮಾರಬಹುದೇ?
— ಮೈಸೂರಿನ ಓದುಗರು

ಮಾರಬಹುದು, ಆದರೆ ಕೊಂಡವರು ಇನ್ನೊಮ್ಮೆ ಕೊಳ್ಳುವುದಿಲ್ಲ. ಪಿಡಿಎಫ್ ಪುಟ ಮೊಬೈಲಿನ ಅಗಲಕ್ಕೆ ಹೊಂದಿಕೊಳ್ಳದು, ಪ್ರತಿ ಸಾಲಿಗೂ ಅತ್ತಿತ್ತ ಸರಿಸುತ್ತ ಓದಬೇಕು. ಅಕ್ಷರದ ಗಾತ್ರ ಓದುಗರ ಇಷ್ಟದಂತೆ ಬದಲಾಗುವ ಇಪಬ್ ಮಾಡಬೇಕು, ಅದಕ್ಕೆ ಪಠ್ಯವು ಕನ್ನಡ ಅಕ್ಷರಗಳಿಗೆ ತಮ್ಮದೇ ಸಂಕೇತ ಕೊಡುವ ಯೂನಿಕೋಡ್‌ನಲ್ಲಿರಬೇಕು. ನಿಮ್ಮ ಹಳೆ ಫೈಲಿನಲ್ಲಿರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ. ಆ ಫಾಂಟ್ ಇದ್ದಾಗ ಮಾತ್ರ ಅದು ಕನ್ನಡವಾಗಿ ಕಾಣುತ್ತದೆ.

ಪರಿವರ್ತಕ ತಂತ್ರಾಂಶಗಳು ಉಚಿತವಾಗಿ ಸಿಗುತ್ತವೆ. ತಪ್ಪು ಬರುವ ಜಾಗಗಳು ಮಾತ್ರ ಪ್ರತಿ ಸಲವೂ ಅವೇ. ನಡುವೆ ಬರುವ ಇಂಗ್ಲಿಷ್ ಪದ ಕನ್ನಡದ ಅರ್ಥವಿಲ್ಲದ ಅಕ್ಷರಮಾಲೆಯಾಗುತ್ತದೆ, ಪರಿವರ್ತಿಸುವ ಮೊದಲೇ ಅವಕ್ಕೆ ಗುರುತು ಹಾಕಿ. ಹಳೆ ಫಾಂಟಿನಲ್ಲಿ ಅರ್ಕಾವೊತ್ತು ಅಕ್ಷರದ ನಂತರ ಬರುತ್ತದೆ, ಯೂನಿಕೋಡ್‌ನಲ್ಲಿ 'ರ್' ಮೊದಲು ಬರಬೇಕು. ಆದ್ದರಿಂದ 'ಕರ್ತೃ', 'ಸಾಮರ್ಥ್ಯ'ದಂಥ ಪದಗಳನ್ನು ಒಂದೊಂದಾಗಿ ನೋಡಿ. ಸೊನ್ನೆ '೦' ಮತ್ತು ಅನುಸ್ವಾರ 'ಂ' ಕಣ್ಣಿಗೆ ಒಂದೇ, ಕಂಪ್ಯೂಟರಿಗೆ ಬೇರೆ. ಒಂದರ ಬದಲು ಇನ್ನೊಂದು ಕೂತರೆ 'ಹಂಪಿ' ಎಂದು ಹುಡುಕಿದಾಗ ಪುಸ್ತಕದಲ್ಲಿ ಹಂಪಿಯೇ ಸಿಗುವುದಿಲ್ಲ. 'ಸಾಫ್ಟ್‌ವೇರ್' ಎಂಬುದು 'ಸಾಫ್ಟ್ವೇರ್' ಆಗಿ ಅಂಟಿಕೊಂಡರೆ ನಡುವೆ ಅಕ್ಷರ ಬಿಡಿಸುವ ಅದೃಶ್ಯ ಸಂಕೇತ ಸೇರಿಸಬೇಕು. ಇಷ್ಟಾದ ಮೇಲೂ ಮುದ್ರಿತ ಪ್ರತಿಯನ್ನು ಪಕ್ಕದಲ್ಲಿಟ್ಟುಕೊಂಡು ಒಮ್ಮೆ ಪೂರ್ತಿ ಕರಡು ತಿದ್ದಲೇಬೇಕು. ಕವಿತೆಗಳಿದ್ದರೆ ಎರಡು ಸಲ, ಏಕೆಂದರೆ ಸಾಲು ಮುರಿಯುವ ಜಾಗ ತಪ್ಪಿರುತ್ತದೆ.

ನೋಟೊ ಕನ್ನಡದಂಥ ಮುಕ್ತ ಪರವಾನಗಿಯ ಫಾಂಟನ್ನು ಫೈಲಿನೊಳಗೇ ಸೇರಿಸಿ. ಮಾರಾಟಕ್ಕೆ ಗೂಗಲ್ ಪ್ಲೇ ಬುಕ್ಸ್ ಇದೆ, ಕನ್ನಡದ್ದೇ ಆದ ಮೈಲ್ಯಾಂಗ್ ಇದೆ. 2016ರ ಡಿಸೆಂಬರಿನಲ್ಲಿ ಅಮೆಜಾನಿನ ಇ–ಪುಸ್ತಕ ವೇದಿಕೆ ಕಿಂಡಲ್ ಭಾರತದ ಐದು ಭಾಷೆಗಳಿಗೆ ಬಾಗಿಲು ತೆರೆದಾಗ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಇದ್ದವು, ಕನ್ನಡ ಇರಲಿಲ್ಲ. ನಮ್ಮ ಓದುಗರ ಸಂಖ್ಯೆಗೆ ಇದು ಒಪ್ಪುವ ಮಾತಲ್ಲ. ಕನ್ನಡದ ಪ್ರಕಾಶಕರು ಬೇರೆ ದಾರಿ ಹುಡುಕಿಕೊಂಡಿರುವುದಕ್ಕೆ ಇದೂ ಒಂದು ಕಾರಣ.

ಮುದ್ರಿತ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ, ಇ–ಪುಸ್ತಕಕ್ಕೆ ಏಕೆ?
— ಬೆಂಗಳೂರಿನ ಓದುಗರು

ಇ–ಪುಸ್ತಕವನ್ನು ತೆರಿಗೆ ಕಾನೂನು ಸೇವೆಯಾಗಿ ನೋಡುತ್ತದೆ. ಮುದ್ರಿತ ರೂಪವೂ ಇರುವ ಇ–ಪುಸ್ತಕಕ್ಕೆ 2018ರ ಜುಲೈಯಲ್ಲಿ ದರವನ್ನು 18%ರಿಂದ 5%ಕ್ಕೆ ಇಳಿಸಿದರು. ಮುದ್ರಣವಾಗದೆ ನೇರ ಇ–ಪುಸ್ತಕವಾಗಿ ಬಂದದ್ದಕ್ಕೆ ಆ ರಿಯಾಯಿತಿ ಸಿಗಲಿಲ್ಲ. ಮುದ್ರಿತ ಪುಸ್ತಕವೂ ತೆರಿಗೆಯಿಂದ ಪೂರ್ತಿ ಪಾರಾಗಿಲ್ಲ. ಕಾಗದಕ್ಕೆ, ಮುದ್ರಣದ ಕೂಲಿಗೆ ಪ್ರಕಾಶಕರು ತೆರಿಗೆ ಕಟ್ಟುತ್ತಾರೆ. ಪುಸ್ತಕಕ್ಕೆ ವಿನಾಯಿತಿ ಇರುವುದರಿಂದ ಆ ಹಣವನ್ನು ಹಿಂಪಡೆಯಲು ಆಗುವುದಿಲ್ಲ, ಅದು ಮುಖಬೆಲೆಯೊಳಗೇ ಸೇರಿಕೊಳ್ಳುತ್ತದೆ.

ನನ್ನ ಪುಸ್ತಕದ ಪಿಡಿಎಫ್ ಗುಂಪುಗಳಲ್ಲಿ ಓಡಾಡುತ್ತಿದೆ. ಏನು ಮಾಡಲಿ?
— ಕುಂದಾಪುರದ ಓದುಗರು

ದಿನಾಂಕ, ಗುಂಪಿನ ಹೆಸರು, ಕೊಂಡಿ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡು ಆಮೇಲೆ ಗುಂಪಿನವರೊಂದಿಗೆ ಮಾತಾಡಿ. ಅನೇಕರು ತಪ್ಪೆಂದು ತಿಳಿಯದೆ ಹಂಚಿರುತ್ತಾರೆ, ಕೇಳಿದರೆ ತೆಗೆಯುತ್ತಾರೆ. ತೆಗೆಯದಿದ್ದರೆ ಆ ವೇದಿಕೆಯ ಕುಂದುಕೊರತೆ ಅಧಿಕಾರಿಗೆ ಲಿಖಿತ ದೂರು ಕೊಡಿ. ಕೃತಿ ನಿಮ್ಮದೆಂಬ ಆಧಾರ, ಪ್ರತಿ ಇರುವ ನಿಖರವಾದ ಕೊಂಡಿ ಎರಡೂ ಇರಲಿ. ಕೃತಿಸ್ವಾಮ್ಯ ನಿಯಮದಂತೆ ಅವರು 36 ಗಂಟೆಯೊಳಗೆ ಅದನ್ನು ತಡೆಯಬೇಕು. ಆದರೆ 21 ದಿನದೊಳಗೆ ನೀವು ನ್ಯಾಯಾಲಯದ ಆದೇಶ ತಂದುಕೊಡದಿದ್ದರೆ ಮತ್ತೆ ತೆರೆಯಬಹುದು.

ಸೋರಿಕೆ ಎಲ್ಲಿಂದ ಆಯಿತೆಂದೂ ನೋಡಿ. ಮೊಬೈಲಿನಲ್ಲಿ ತೆಗೆದ ಚಿತ್ರಗಳಾಗಿದ್ದರೆ ಓದುಗರಿಂದ. ಅಂಚಿನಲ್ಲಿ ಕತ್ತರಿ ಗುರುತುಗಳಿರುವ ಶುದ್ಧ ಪಿಡಿಎಫ್ ಆಗಿದ್ದರೆ ಅದು ಅಚ್ಚಿಗೆ ಹೋದ ಫೈಲೇ. ಇನ್ನು ಮುಂದೆ ವಿಮರ್ಶೆಗೆ ಕಳಿಸುವ ಪ್ರತಿಯ ಪ್ರತಿ ಪುಟದಲ್ಲೂ ಪಡೆಯುವವರ ಹೆಸರು ತೆಳುವಾಗಿ ಮೂಡುವಂತೆ ಮಾಡಿ. ಪುಸ್ತಕದ ಪ್ರತಿಗಳು ಮುಗಿದಿದ್ದರೆ ಕೂಡಲೇ ಮರುಮುದ್ರಣ ಮಾಡಿ, ಇಲ್ಲವೇ ಇ–ಪುಸ್ತಕ ತನ್ನಿ. ಕೊಳ್ಳಲು ಸಿಗದ ಪುಸ್ತಕವನ್ನೇ ಜನ ಹೀಗೆ ಹಂಚಿಕೊಳ್ಳುವುದು ಹೆಚ್ಚು.

ಓದಿ ಮುಗಿಸಿದ ಪುಸ್ತಕಗಳನ್ನು ನಮ್ಮ ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರಕ್ಕೆ ಕೊಡಬಹುದೇ?
— ಬಾಗಲಕೋಟೆ ಜಿಲ್ಲೆಯ ಓದುಗರು

ಕೊಡಬಹುದು. ಚೀಲದಲ್ಲಿ ತುಂಬಿ ಒಯ್ಯುವ ಮೊದಲು ಪಟ್ಟಿ ತೋರಿಸಿ, ಏನು ಬೇಕೆಂದು ಗ್ರಂಥಪಾಲಕರನ್ನು ಕೇಳಿ. ಮಕ್ಕಳ ಪುಸ್ತಕ, ಸ್ಪರ್ಧಾತ್ಮಕ ಪರೀಕ್ಷೆಯ ಈಚಿನ ಪುಸ್ತಕ, ಕಥೆ–ಕಾದಂಬರಿ ಓದಿಸಿಕೊಳ್ಳುತ್ತವೆ. ಬದಲಾದ ಪಠ್ಯಕ್ರಮದ ಪುಸ್ತಕ, ಐದು ವರ್ಷ ಹಳೆಯ ಪ್ರಚಲಿತ ವಿದ್ಯಮಾನದ ಪುಸ್ತಕ ಜಾಗ ತಿನ್ನುತ್ತವೆ. ಹುಳ, ಬೂಷ್ಟು ಇರುವ ಒಂದೇ ಒಂದು ಪುಸ್ತಕವೂ ಅವುಗಳ ಜೊತೆ ಹೋಗಬಾರದು, ಅದು ಇಡೀ ಕಪಾಟಿಗೆ ಹರಡುತ್ತದೆ. ಕೊಟ್ಟದ್ದಕ್ಕೆ ದಾಖಲೆ ಪುಸ್ತಕದಲ್ಲಿ ನಮೂದು ಮಾಡಿಸಿ, ಮುದ್ರೆ ಹಾಕಿಸಿ. ನಮೂದಾಗದ ಪುಸ್ತಕ ಲೆಕ್ಕಕ್ಕೆ ಸಿಗದೆ ಮೂಲೆ ಸೇರುತ್ತದೆ.